ಆ ಮೂವತ್ತು ದಿನ ಹುಡುಗಿ ಎಲ್ಲಿರ್ತಾಳೆ?

ಹುಮನಾಬಾದಿನ ನೋಂದಣಿ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಇಬ್ಬರು ತರುಣರು ಟೈಪ್‌ರೈಟರ್ ಇಟ್ಟುಕೊಂಡು ಕೂತಿದ್ದಾರೆ. ಹೋದ ತಿಂಗಳು ಮನೆಗೆ ಬಂದಿದ್ದರು. "ರಾಯರ, ಇಷ್ಟು ವರ್ಷ ಅರ್ಜಿ ಬರದೀರಿ. ನಮಗೂ ಏನರ ಹೇಳಿಕೊಡ್ರಿ" ಅಂದರು. ಅವರಿಗೆ ಬೇಕಾಗಿದ್ದದ್ದು ನಮೂನೆಗಳು. ಖರೀದಿಪತ್ರಕ್ಕೊಂದು, ಆಸ್ತಿ ಪಾಲು ಮಾಡುವ ವಾಟ್ನಿಪತ್ರಕ್ಕೊಂದು, ತಕರಾರಿಗೊಂದು. ಹಳೆಯ ಕಟ್ಟನ್ನು ಬಿಚ್ಚಿ ಎಲ್ಲವನ್ನೂ ಕೊಟ್ಟು ಕಳಿಸಿದೆ. ಕಟ್ಟಿನಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ ಸಿಟ್ಟು ಬಂದರೆ ಬರಲಿ.

ನಾನು ಸರಕಾರಿ ನೌಕರನಲ್ಲ, ಅರ್ಜಿನವೀಸ. ಕಚೇರಿಯ ಹೊರಗೆ ಕೂತು, ಓದು ಬರಹ ಬಾರದವರಿಗೂ, ಓದು ಬಂದರೂ ಸರಕಾರದ ಭಾಷೆ ಬಾರದವರಿಗೂ ಕಾಗದ ಬರೆದುಕೊಡುವವ. ಜನ ಕಾಗದಕ್ಕೆಂದು ಬರುತ್ತಾರೆ. ಆದರೆ ಅರ್ಧ ಜನಕ್ಕೆ ಬೇಕಾಗಿರುವುದು ಸಲಹೆ. "ಏನು ಮಾಡಲ್ರಿ ರಾಯರ?" ಅನ್ನುತ್ತಾರೆ. ನೀವು ಹೇಳಿದಂತೆ ಮಾಡುತ್ತಾರೆ. ಈ ಕೆಲಸದ ಭಾರವೆಲ್ಲ ಅಲ್ಲಿದೆ.

ನಾನು ಈ ಕಸುಬಿಗೆ ಸೇರಿದ್ದು ಐವತ್ತಾರರಲ್ಲಿ, ನಮ್ಮ ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದ ವರ್ಷ. ಅಲ್ಲಿಯವರೆಗೆ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ನನ್ನ ಉಸ್ತಾದ್ ಖಾದರ್ ಸಾಹೇಬರ ಉರ್ದು ಅಕ್ಷರ ನೋಡಿದರೆ ಸಾಕು, ಯಾರ ಕೈಬರಹವೆಂದು ಅಧಿಕಾರಿಗಳು ಹೇಳುತ್ತಿದ್ದರು. ಒಂದೇ ವರ್ಷದಲ್ಲಿ ಆ ಅಕ್ಷರವನ್ನು ಓದುವವರೇ ಕಚೇರಿಯಲ್ಲಿ ಇಲ್ಲವಾದರು. ಮೈಸೂರಿನ ಕಡೆಯಿಂದ ಬಂದ ಒಬ್ಬ ಸಾಹೇಬರು ನನ್ನ ಅರ್ಜಿ ಹಿಡಿದು, "ಏನಪ್ಪಾ ಇದು, ಮೆಹರಬಾನಿ ಮಾಡಬೇಕು ಅಂತ ಬರೆದಿದ್ದೀಯಲ್ಲ, ಇದು ಯಾವ ಕನ್ನಡ?" ಎಂದು ಕೇಳಿದರು. ಅಂದಿನಿಂದ ಉಸ್ತಾದರು ಉರ್ದುವಿನಲ್ಲಿ ಹೇಳುವುದು, ನಾನು ಕನ್ನಡದಲ್ಲಿ ಬರೆಯುವುದು. ಅವರು ಕಲಿಸಿದ್ದು ಒಂದೇ ಮಾತು: "ಬೇಟಾ, ಮೊದಲು ಪೂರಾ ಕೇಳು, ಆಮ್ಯಾಲ ಬರಿ."

ನಾನು ಪೂರಾ ಕೇಳದೆ ಬರೆದ ಮೊದಲ ಕಾಗದ ಬೇಮಳಖೇಡದ ಅಣ್ಣತಮ್ಮಂದಿರ ವಾಟ್ನಿಪತ್ರ. ಅವರು ಹೊಲದ ಮೂಡಲ ಬದುವಿನ ಮಾತು ಆಡುತ್ತಿದ್ದಾಗಲೇ ನನ್ನ ಪೆನ್ನು ಪಡುವಲಿಗೆ ಹೋಗಿತ್ತು. ಬಿತ್ತನೆಯ ಹೊತ್ತಿಗೆ ಇಬ್ಬರೂ ಕುಡಗೋಲು ಹಿಡಿದು ಬದುವಿನ ಮೇಲೆ ನಿಂತರಂತೆ. ಉಸ್ತಾದರು ನನ್ನನ್ನು ಬೈಯಲಿಲ್ಲ. ಬಸ್ಸು ಹತ್ತಿಸಿ ಆ ಹೊಲಕ್ಕೇ ಕಳಿಸಿದರು. ಸೂರ್ಯ ಯಾವ ಕಡೆ ಹುಟ್ಟುತ್ತಾನೆಂದು ಅಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜ ನನಗೆ ಕೈಮಾಡಿ ತೋರಿಸಿ ಹೊಟ್ಟೆ ಹಿಡಿದು ನಕ್ಕ. ನಾನು ಅಣ್ಣತಮ್ಮಂದಿರ ಎದುರು ತಪ್ಪೊಪ್ಪಿಕೊಂಡು, ಹೊಸ ಕಾಗದ ಬರೆದುಕೊಟ್ಟು ಬಂದೆ. ಆ ತಪ್ಪನ್ನು ತಿದ್ದಬಹುದಾಗಿತ್ತು.

ಅದಾದ ಕೆಲವು ವರ್ಷಗಳಿಗೆ ಶಿವಮ್ಮ ಎಂಬ ಹೆಣ್ಣುಮಗಳು ಬಂದಳು. ಅಷ್ಟರಲ್ಲಿ ಉಸ್ತಾದರು ತೀರಿಹೋಗಿದ್ದರು. ಆಕೆ ಪ್ರೀತಿಸಿದವನೊಂದಿಗೆ ಸೋಲಾಪುರಕ್ಕೆ ಓಡಿಹೋಗಿ, ಗುಡಿಯಲ್ಲಿ ಹಾರ ಹಾಕಿಸಿಕೊಂಡು ಮೂರು ವರ್ಷ ಸಂಸಾರ ಮಾಡಿದ್ದಳು. ಅವನು ಊರಿಗೆ ಬಂದು ಜಾತಿಯವಳನ್ನು ಮದುವೆಯಾಗಿ, ಈಕೆ ಯಾರೆಂದೇ ಗೊತ್ತಿಲ್ಲವೆಂದ. ನಾನು ಬರೆದ ಅರ್ಜಿಗಳೆಲ್ಲ ಒಂದೇ ಪ್ರಶ್ನೆಯ ಮುಂದೆ ಬಿದ್ದುಹೋದವು: ಮದುವೆಗೆ ದಾಖಲೆ ಏನು? "ಬಾಳೇ ಮಾಡೀನಿ ರಾಯರ. ಅದಕ್ಕೊಂದು ಚೀಟಿ ಬೇಕೇನ್ರಿ?" ಎಂದು ಆಕೆ ನನ್ನ ಮೇಜಿನ ಮುಂದೆ ಕೂತು ಅತ್ತಳು. ಅವತ್ತು ನಾನು ಕಾಗದವನ್ನು ದೇವರ ಹಾಗೆ ನಂಬಿಬಿಟ್ಟೆ.

ಜಗದೇವಿ, ಬಂಡೆಪ್ಪ ನನ್ನ ಹತ್ತಿರ ಬಂದದ್ದು ಆ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ, ಎಪ್ಪತ್ತರ ದಶಕದ ಮೊದಲಲ್ಲಿ.

ಜಗದೇವಿ ಹತ್ತಿರದ ಒಂದು ಹಳ್ಳಿಯ ಒಕ್ಕಲುತನದ ಮನೆಯ ಹುಡುಗಿ. ಆ ಊರಿನ ಹೆಸರು ಬರೆಯುವುದಿಲ್ಲ. ಹತ್ತೊಂಬತ್ತು ವರ್ಷ. ಏಳನೇ ಇಯತ್ತೆ ಮುಗಿಸಿ, ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಹೊಲಿಗೆ ಕಲಿಯಲು ಬರುತ್ತಿದ್ದಳು. ಬಂಡೆಪ್ಪ ಕುರಿ ಕಾಯುವವರ ಮನೆಯ ಮಗ. ಹೆದ್ದಾರಿಯ ಪಕ್ಕದ ಲಾರಿ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಎರಡು ಮನೆಯವರೂ ಒಪ್ಪುವ ಮಾತಿರಲಿಲ್ಲ. ಹೊಲಿಗೆ ಕಲಿಸುತ್ತಿದ್ದ ರುಕ್ಮಿಣಿಬಾಯಿ ಇಬ್ಬರನ್ನೂ ನನ್ನ ಮೇಜಿಗೆ ಕರೆತಂದರು. "ಇವರು ರಾಯರು. ಇವರು ಹೇಳಿದಂಗ ಮಾಡ್ರಿ, ಮೋಸ ಆಗಾಂಗಿಲ್ಲ" ಅಂದರು.

ಬಂಡೆಪ್ಪ ತನ್ನದೇ ಒಂದು ಯೋಚನೆ ಇಟ್ಟುಕೊಂಡಿದ್ದ. "ನಮ್ಮ ಡ್ರೈವರ್ ಕಾಕಾ ಸೋಲಾಪುರಕ್ಕ ಹೊಂಟಾರ್ರಿ. ಲಾರ್ಯಾಗ ಕರಕೊಂಡು ಹೋಗ್ತಾರ. ಅಲ್ಲೇ ಗುಡ್ಯಾಗ ತಾಳಿ ಕಟ್ತೀನಿ. ಅಲ್ಲೇ ಗ್ಯಾರೇಜಿನ್ಯಾಗ ಕೆಲಸಾನೂ ಅದ."

ನನಗೆ ಶಿವಮ್ಮ ನೆನಪಾದಳು. "ಕಳ್ಳರಂಗ ಯಾಕ ಓಡಿ ಹೋಗ್ತೀರಿ?" ಅಂದೆ. "ಇಬ್ಬರಿಗೂ ಮದುವಿ ವಯಸ್ಸಾಗ್ಯಾದ. ಕಾನೂನು ನಿಮ್ಮ ಕಡಿ ಅದ. ನೋಂದಣಿ ಮದುವಿ ಮಾಡ್ಕೋರಿ. ನೋಟೀಸು ಕೊಟ್ರ ಮೂವತ್ತು ದಿನ ಬೋರ್ಡಿಗಿ ಹಚ್ಚತಾರ. ಯಾರದೂ ತಕರಾರು ನಿಲ್ಲದಿದ್ರ ಮೂವತ್ತೊಂದನೇ ದಿನ ಸಾಕ್ಷಿದಾರರ ಮುಂದ ಸೈ ಮಾಡೂದು, ಮದುವಿ ಆತು. ಆಮ್ಯಾಲ ಯಾರು ಏನು ಮಾಡ್ತಾರ?"

ಜಗದೇವಿ ತಲೆ ಎತ್ತಿ ಕೇಳಿದಳು, "ಅಷ್ಟು ದಿನ ನಾ ಏನ್ ಮಾಡಲ್ರಿ?"

"ಮನಿಗಿ ಹೋಗು. ಏನೂ ಗೊತ್ತಿಲ್ಲದಂಗ ಇರು. ದಿನಾ ಕ್ಲಾಸಿಗಿ ಬಾ."

ಅವಳು ಬಂಡೆಪ್ಪನ ಮುಖ ನೋಡಿದಳು. ಅವನು ನನ್ನ ಮುಖ ನೋಡಿದ. ಒಪ್ಪಿದರು. ನಾನು ನೋಟೀಸು ಬರೆದೆ. ಜಗದೇವಿ ನಾಲಿಗೆಯ ತುದಿ ಕಚ್ಚಿಕೊಂಡು ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದಳು. ಕಚೇರಿಯವರು ಕಾನೂನಿನಲ್ಲಿ ಹೇಳಿದ ಹಾಗೆ, ಎಲ್ಲರಿಗೂ ಕಾಣುವಂತೆ, ಪಡಸಾಲೆಯ ಬೋರ್ಡಿಗೆ ಅದನ್ನು ಹಚ್ಚಿದರು. ಅವರು ಮಾಡಿದ್ದು ಸರಿ. ಆ ಪಡಸಾಲೆಯಲ್ಲಿ ಸುತ್ತಲಿನ ಅಷ್ಟೂ ಹಳ್ಳಿಗಳ ಜನ ದಿನವೂ ಕೂತು ಕಾಯುತ್ತಾರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮನೆಗೆ ಹೋಗು ಅಂದದ್ದು ನಾನು.

ಹದಿಮೂರನೇ ದಿನ ಅವಳ ಊರಿನವನೊಬ್ಬ ಹೊಲದ ಖರೀದಿಪತ್ರ ಬರೆಸಲು ನನ್ನ ಹತ್ತಿರವೇ ಬಂದ. ನಾನು ಬರೆಯುತ್ತಿದ್ದಾಗ ಹೊತ್ತು ಹೋಗದೆ ಎದ್ದುಹೋಗಿ ಬೋರ್ಡಿನ ಮುಂದೆ ನಿಂತ. ಬಹಳ ಹೊತ್ತು ನಿಂತ. ತಿರುಗಿ ಬಂದವನು ಅದುವರೆಗೆ ಆಡುತ್ತಿದ್ದ ಮಾತನ್ನು ಮುಂದುವರಿಸಲಿಲ್ಲ. ಸುಮ್ಮನೆ ಸಹಿ ಹಾಕಿ, ಕಾಗದ ತೆಗೆದುಕೊಂಡು ಹೋದ. ನನಗೆ ಗೊತ್ತಾಯಿತು. ಜಗದೇವಿ ಇನ್ನೂ ಹೊಲಿಗೆ ಕ್ಲಾಸಿನಲ್ಲಿದ್ದಳು. ನಡೆದರೆ ಹತ್ತು ನಿಮಿಷದ ದಾರಿ. 'ಅವನು ಆ ನೋಟೀಸು ಓದಿರಲಿಕ್ಕಿಲ್ಲ' ಎಂದು ನನಗೆ ನಾನೇ ಹೇಳಿಕೊಂಡು ಮುಂದಿನ ಅರ್ಜಿ ಕೈಗೆ ತೆಗೆದುಕೊಂಡೆ. ಅವಳು ಎಂದಿನಂತೆ ಬಸ್ಸು ಹತ್ತಿ ಮನೆಗೆ ಹೋದಳು.

ಮರುದಿನ ಕ್ಲಾಸಿಗೆ ಬರಲಿಲ್ಲ. ಬಂಡೆಪ್ಪ ಗ್ರೀಸ್ ಮೆತ್ತಿದ ಕೈಯಲ್ಲೇ ಓಡಿಬಂದ. "ಆಕೀನ ಮನ್ಯಾಗ ಹಾಕಿ ಕೀಲಿ ಹಾಕ್ಯಾರಂತ್ರಿ. ನಾ ಹೋಗ್ತೀನಿ. ಗ್ಯಾರೇಜಿನ ಮಂದಿ ನಾಕು ಜನ ಬರ್ತೀವಂದಾರ."

"ಹೋಗಬ್ಯಾಡ. ಹೋದ್ರ ಹುಡುಗಿ ಕದ್ದೊಯ್ಯಾಕ ಬಂದಾನಂತ ಕೇಸ್ ಹಾಕ್ತಾರ. ಇನ್ನ ಹದಿನಾರು ದಿನ. ಕಾಯಿ. ಮೂವತ್ತೊಂದನೇ ದಿನ ನಾ ಪೊಲೀಸರನ್ನ ಕರಕೊಂಡು ಬರ್ತೀನಿ."

"ಖರೇನ್ರಿ ರಾಯರ?"

"ಖರೆ."

ಅವನು ನಂಬಿದ. ಪ್ರಾಯಕ್ಕೆ ಬಂದ ಹುಡುಗಿಯನ್ನು ಕೂಡಿಹಾಕಿದ್ದಾರೆಂದು ನಾನು ಅಂದೇ ಒಂದು ಅರ್ಜಿ ಬರೆಯಬಹುದಿತ್ತು. ನನ್ನ ಕಸುಬೇ ಅದು. ಗಲಾಟೆಯಾದರೆ ತಕರಾರು ಬರುತ್ತದೆ, ತಕರಾರು ಬಂದರೆ ದಿನ ಮುಂದೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಬರೆಯಲಿಲ್ಲ.

ಹತ್ತೊಂಬತ್ತನೇ ದಿನ ರುಕ್ಮಿಣಿಬಾಯಿ ಆ ಹಳ್ಳಿಗೆ ಹೋಗಿಬಂದರು. ಅರ್ಧ ಹೊಲಿದ ಕುಪ್ಪಸ ಕೊಡುವ ನೆಪ ಮಾಡಿ ಹುಡುಗಿಯನ್ನು ನೋಡಿದ್ದರು. ಬಂದವರೇ ನನ್ನ ಮೇಜಿನ ಮುಂದೆ ನಿಂತರು, ಕೂರಲಿಲ್ಲ.

"ಬ್ಯಾರೆ ಕಡಿ ಮದುವಿ ಗಟ್ಟಿ ಮಾಡ್ಯಾರ್ರಿ. 'ಬಂಡೆಪ್ಪ ಬರ್ತಾನೋ ಇಲ್ಲೋ, ಒಂದು ಮಾತು ತಿಳಸ್ರಿ' ಅಂತ ಕೇಳಿದ್ಲು."

"ಕಾಯಲಿ ಅಂತ ಹೇಳ್ರಿ. ಇನ್ನ ಹನ್ನೊಂದೇ ದಿನ."

"ನೀವು ಆಕಿ ಮಾರಿ ನೋಡಿಲ್ಲ ರಾಯರ. ಹನ್ನೊಂದು ದಿನ ಕಾಯೋ ಹಂಗ ಇಲ್ಲ ಆಕಿ. ಬಂಡೆಪ್ಪಗ ಹೇಳೂಣು."

"ಹೇಳಿದ್ರ ಈಗೇ ಓಡತಾನ. ಕೈಕಾಲು ಮುರದು ಕಳಸ್ತಾರ. ನೀವೂ ಹೇಳಬ್ಯಾಡ್ರಿ, ನನ್ನ ಮಾತು ಕೇಳ್ರಿ."

ನನ್ನ ಮಾತಿಗೆ ಕಟ್ಟುಬಿದ್ದು ರುಕ್ಮಿಣಿಬಾಯಿ ಬಂಡೆಪ್ಪನಿಗೆ ಹೇಳಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋಗಿ, ರಾಯರು ಕಾಯಲು ಹೇಳಿದ್ದಾರೆ ಎಂದು ತಿಳಿಸಿದರು. ಬಂಡೆಪ್ಪ ಏನಂದ ಎಂದು ಜಗದೇವಿ ಕೇಳಿದಳಂತೆ. ರುಕ್ಮಿಣಿಬಾಯಿ ನನ್ನ ಮಾತನ್ನೇ ಇನ್ನೊಮ್ಮೆ ಹೇಳಿದರು. ಹುಡುಗಿ, "ಹೌದ್ರಿ" ಎಂದಷ್ಟೇ ಹೇಳಿ ಒಳಗೆ ಹೋದಳಂತೆ.

ಇಪ್ಪತ್ನಾಲ್ಕನೇ ದಿನ ಬೆಳಿಗ್ಗೆ ಜಗದೇವಿ ತಮ್ಮ ಹೊಲದ ಬಾವಿಯಲ್ಲಿ ತೀರಿಹೋಗಿದ್ದಳು. ನೀರು ಸೇದುವಾಗ ಕಾಲು ಜಾರಿತು ಎಂದು ಊರವರು ಅಂದರು.

ಮರುದಿನ ಬಂಡೆಪ್ಪ ಬಂದ. ಯಾರ ಬಾಯಿಂದಲೋ ಅರ್ಧ ಕೇಳಿದ್ದ. "ಆಕಿ ನನಗೇನರ ಹೇಳಿ ಕಳಿಸಿದ್ಲೇನ್ರಿ?"

ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಎಲ್ಲವನ್ನೂ ಹೇಳಿದೆ.

"ನನಗ ಹೇಳಲಿಲ್ಲ ನೀವು."

"ಹೇಳಲಿಲ್ಲ."

"ನಾ ಬರಾಂಗಿಲ್ಲಂತ ತಿಳಕೊಂಡು ಹೋದ್ಲು."

ಅವನು ನನ್ನ ಮೈಮೇಲೆ ಬೀಳುತ್ತಾನೆಂದುಕೊಂಡೆ. ಬಿದ್ದಿದ್ದರೆ ಚೆನ್ನಾಗಿತ್ತು. ಮೇಜಿನ ಅಂಚು ಹಿಡಿದು, "ಓದಿದವ್ರಂತ ನಿಮ್ಮ ಹತ್ರ ಬಂದಿದ್ದಿವಿ" ಎಂದು ಹೇಳಿ ಹೋದ. ಆ ವಾರವೇ ಡ್ರೈವರ್ ಕಾಕಾನ ಲಾರಿ ಹತ್ತಿ ಊರು ಬಿಟ್ಟನೆಂದು ತಿಳಿಯಿತು.

ಆಮೇಲೆ ಅವಳ ಊರಿನ ಹಿರಿಯರು ನಾಲ್ವರು ನನ್ನ ಮೇಜಿಗೆ ಬಂದರು. ಹುಡುಗಿಯ ತಂದೆಯೂ ಜೊತೆಗಿದ್ದ, ಎಲ್ಲರ ಹಿಂದೆ. ಪಡಸಾಲೆಯಲ್ಲಿ ಕೂತಿದ್ದ ಜನರೆಲ್ಲ ಎದ್ದು ಸುತ್ತ ನಿಂತರು. ಮುಂದಾಳು ಪಾಟೀಲರು ಹೇಳಿದರು, "ನೀವು ಆ ಕಾಗದ ಬರೀದಿದ್ರ ಹುಡುಗಿ ಉಳೀತಿತ್ತು. ಇನ್ನ ಮುಂದ ಇಂಥಾ ನೋಟೀಸು ಬರಿಯಾಂಗಿಲ್ಲಂತ ಬರದು ಸೈ ಮಾಡಿ ಕೊಡ್ರಿ."

ಇಷ್ಟು ವರ್ಷ ಮಂದಿ ಹೇಳಿದ್ದನ್ನೇ ಬರೆದವನು ನಾನು. ಅವತ್ತು ಬರೆಯಲಿಲ್ಲ.

"ಪಾಟೀಲರ, ನಾ ತಪ್ಪು ಮಾಡೇನಿ. ನಾಕು ಮಂದಿ ಮುಂದ ಹೇಳತೀನಿ, ಕೇಳ್ರಿ. ಆದ್ರ ನೀವು ಹೇಳೋ ತಪ್ಪಲ್ಲ. ನೋಟೀಸು ಬರದದ್ದು ತಪ್ಪಲ್ಲ. ಆಕಿಗಿ ಮನಿಗಿ ಹೋಗಂತ ಹೇಳಿದ್ದು ತಪ್ಪು. ಆಕಿ ಮಾತು ಹುಡುಗಗ ಮುಟ್ಟಿಸದಿದ್ದದ್ದು ತಪ್ಪು. ಆ ಎರಡೂ ನನ್ನ ಮ್ಯಾಲೆ. ಹತ್ತೊಂಬತ್ತು ವರ್ಷದ ಮಗಳಿಗಿ ತನ್ನ ಮನಿ ಹೆದರಿಕಿ ಜಾಗ ಆತಲ್ಲ, ಅದು ನನ್ನ ತಪ್ಪಲ್ಲ. ಅದನ್ನ ನೀವು ಬರದು ಕೊಡ್ರಿ, ಅದರ ಕೆಳಗ ನಾ ನನ್ನದು ಬರದು ಸೈ ಮಾಡ್ತೀನಿ."

ಒಬ್ಬ ನನ್ನ ಮಸಿಕುಡಿಕೆಯನ್ನು ಎತ್ತಿ ನೆಲಕ್ಕೆ ಹೊಡೆದ. ಪಾಟೀಲರು ಅವನನ್ನು ಎಳೆದುಕೊಂಡು ಹೊರಟರು. ತಂದೆ ಮಾತ್ರ ಹಿಂದೆ ಉಳಿದ. "ಆ ಕಾಗದದ ಮ್ಯಾಲ ಆಕೀನೇ ಸೈ ಮಾಡಿದ್ಲೇನ್ರಿ?" ಎಂದು ಕೇಳಿದ.

"ಆಕೀನೇ. ನನ್ನ ಮುಂದ."

ಅವನು ಟವೆಲಿನಿಂದ ಬಾಯಿ ಮುಚ್ಚಿಕೊಂಡು ಅವರ ಹಿಂದೆ ಹೋದ. ಆ ಮನುಷ್ಯನ ಮೇಲೆ ನನಗೆ ಸಿಟ್ಟು ಬರಲಿಲ್ಲ, ಇಂದಿಗೂ ಬಂದಿಲ್ಲ.

ಗೆಳೆಯರು ಇನ್ನೊಂದು ಬಗೆಯಲ್ಲಿ ಪೀಡಿಸಿದರು. "ನೀವು ಒಳ್ಳೇದೇ ಹೇಳಿದ್ರಿ, ಆಕಿ ಹಣೆಬರಹ ಹಂಗಿತ್ತು" ಎಂದು ಸಮಾಧಾನ ಹೇಳಿದರು. ನಾನು ಅದನ್ನೂ ಒಪ್ಪಲಿಲ್ಲ. ಹಣೆಬರಹ ನನ್ನ ಮೇಜಿಗೆ ಬಂದು ಕೂತಿರಲಿಲ್ಲ. ಕೂತಿದ್ದವಳು ಜಗದೇವಿ, ಮಾತಾಡಿದವನು ನಾನು. ಸಲಹೆ ಕೊಡುವವನು ಫಲ ಚೆನ್ನಾಗಿ ಬಂದಾಗ ಮೀಸೆ ತಿರುವುತ್ತಾನೆ. ಕೆಟ್ಟಾಗ ವಿಧಿಯನ್ನು ಕರೆಯುತ್ತಾನೆ. ಈ ಕಸುಬಿಗೆ ಬರುವವರು ಆ ಚಾಳಿಯನ್ನು ಮನೆಯಲ್ಲಿ ಬಿಟ್ಟು ಬನ್ನಿ.

ಆ ಕಡೆಯ ಹಳ್ಳಿಗಳವರು ನನ್ನ ಮೇಜಿಗೆ ಬರುವುದನ್ನು ನಿಲ್ಲಿಸಿದರು. ಒಂದು ವರ್ಷ ಹಟ ಹಿಡಿದು ಕೂತೆ. ಆಮೇಲೆ ಹೆಂಡತಿ ಶಾಂತಾಬಾಯಿಯ ತವರಾದ ಬಸವಕಲ್ಯಾಣಕ್ಕೆ ಮನೆ ಸಾಗಿಸಿ, ಅಲ್ಲಿ ಮೇಜು ಹಾಕಿದೆ. ಹೆದರಿ ಹೋದನೆಂದು ಹುಮನಾಬಾದಿನಲ್ಲಿ ಸುದ್ದಿಯಾಯಿತು. ಬಸವಕಲ್ಯಾಣದಲ್ಲಿ ನಾನು ಬರೆಸಿದ ಬೋರ್ಡನ್ನು ಅವರು ಬಂದು ನೋಡಬೇಕಿತ್ತು: ಅರ್ಜಿ, ಖರೀದಿಪತ್ರ, ನೋಂದಣಿ ಮದುವೆಯ ನೋಟೀಸು ಬರೆದುಕೊಡಲಾಗುವುದು.

ಅಲ್ಲಿ ನನ್ನ ರೀತಿ ಬದಲಾಯಿತು. ಜೋಡಿ ಬಂದರೆ ಮೊದಲು ಹುಡುಗನನ್ನು ಚಹಾ ಕುಡಿಯಲು ಕಳಿಸಿ ಹುಡುಗಿಯೊಬ್ಬಳನ್ನೇ ಮಾತಾಡಿಸುತ್ತಿದ್ದೆ. ಅವಳ ಮನಸ್ಸು ಅಳ್ಳಕವಾಗಿದೆ ಅನ್ನಿಸಿದರೆ ಪೆನ್ನು ಮುಟ್ಟುತ್ತಿರಲಿಲ್ಲ. ಗಟ್ಟಿಯಾಗಿದ್ದರೆ ಹುಡುಗನನ್ನು ಕರೆದು ಕೇಳುತ್ತಿದ್ದೆ: "ಆ ಮೂವತ್ತು ದಿನ ಹುಡುಗಿ ಎಲ್ಲಿರ್ತಾಳ?" ಅದಕ್ಕೆ ಉತ್ತರ ಬರುವ ತನಕ ನಮೂನೆ ಹೊರಗೆ ತೆಗೆಯುತ್ತಿರಲಿಲ್ಲ. ಹುಡುಗಿ ಸ್ವಂತ ಇಚ್ಛೆಯಿಂದ ಇಂಥವರ ಮನೆಯಲ್ಲಿದ್ದಾಳೆ ಎಂದು ಅವಳ ಕೈಯಲ್ಲೇ ಒಂದು ಹೇಳಿಕೆ ಬರೆಸಿ, ಅದರ ಪ್ರತಿಯನ್ನು ಪೊಲೀಸ್ ಠಾಣೆಗೆ ಕೊಟ್ಟ ಮೇಲೆಯೇ ನೋಟೀಸು. ಇಬ್ಬರಲ್ಲಿ ಯಾರು ಏನು ಹೇಳಿ ಕಳಿಸಿದರೂ, ನನಗೆ ಅದು ಹಿಡಿಸಲಿ ಬಿಡಲಿ, ಅಂದೇ ಇನ್ನೊಬ್ಬರಿಗೆ ಮುಟ್ಟಿಸುತ್ತಿದ್ದೆ. ನಿರ್ಧಾರ ಅವರದು. ಇಷ್ಟನ್ನು ಕಲಿಯಲು ನನಗೆ ಒಂದು ಹುಡುಗಿಯ ಜೀವ ಬೇಕಾಯಿತು.

ಹಾಗೆ ನೋಟೀಸು ಬರೆಸಲು ಬಂದ ಸುನಂದಾ ಎಂಬ ಹುಡುಗಿಗೆ ಆ ಮೂವತ್ತು ದಿನ ಇರಲು ಎಲ್ಲಿಯೂ ಜಾಗವಿರಲಿಲ್ಲ. ಶಾಂತಾಬಾಯಿ, "ನಮ್ಮ ಮನಿ ಏನು ಬಿದ್ದು ಹೋಗ್ಯಾದೇನ್ರಿ?" ಎಂದು ಗದರಿಸಿ ಒಳಗೆ ಕರೆದುಕೊಂಡಳು. ಹತ್ತನೇ ದಿನ ಮಧ್ಯಾಹ್ನ ಹುಡುಗಿಯ ಅಣ್ಣ ಇಬ್ಬರನ್ನು ಕಟ್ಟಿಕೊಂಡು ಬಾಗಿಲಿಗೆ ಬಂದ. ನಾನು ಹೊಸ್ತಿಲ ಮೇಲೆ ನಿಂತೆ.

"ನಮ್ಮ ತಂಗೀನ ಹೊರಗ ಕಳಸ್ರಿ."

ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಶಾಂತಾಬಾಯಿ ಹಿಟ್ಟಿನ ಕೈಯಲ್ಲೇ ಬಂದು ನನ್ನ ಪಕ್ಕ ನಿಂತಳು. "ಆಕೀನೇ ಕೇಳಪ್ಪ. ಬರ್ತೀನಂದ್ರ ನಾನೇ ಬುತ್ತಿ ಕಟ್ಟಿ ಕಳಸ್ತೀನಿ."

ಒಳಗಿನಿಂದ ಧ್ವನಿ ಬಂತು: "ನಾ ಬರಾಂಗಿಲ್ಲಣ್ಣ."

ಹೇಳಿಕೆಯ ಪ್ರತಿಯನ್ನು ಅವನ ಕೈಗೆ ಕೊಟ್ಟೆ. ಓದಿದ. ಹೋಗುವಾಗ ನನ್ನ ಮೇಜಿನ ಹತ್ತಿರ ಹೋಗಿ ಬೋರ್ಡನ್ನು ಎರಡು ತುಂಡು ಮಾಡಿದ. ಮೂರನೇ ದಿನ ಹೊಸದು ಬರೆಸಿ ತೂಗುಹಾಕಿದೆ, ಅಕ್ಷರ ಮೊದಲಿಗಿಂತ ದೊಡ್ಡವು. ಮೂವತ್ತೊಂದನೇ ದಿನ ಸುನಂದಾಳ ಮದುವೆಗೆ ಮೂವರು ಸಾಕ್ಷಿದಾರರಲ್ಲಿ ಶಾಂತಾಬಾಯಿಯೂ ಒಬ್ಬಳು. ಇದರಿಂದ ಜಗದೇವಿಯ ಋಣ ತೀರಿತೆಂದು ಯಾರಾದರೂ ಅಂದರೆ ನಾನು ಎದ್ದುಹೋಗುತ್ತೇನೆ. ಒಬ್ಬಳ ಜಾಗಕ್ಕೆ ಇನ್ನೊಬ್ಬಳು ಬರುವುದಿಲ್ಲ.

ಎಂಬತ್ತರ ನಂತರ ಹುಮನಾಬಾದಿಗೆ ಮರಳಿದೆ. ಟೈಪ್‌ರೈಟರುಗಳು ಬಂದಿದ್ದವು. ನನ್ನ ಕಣ್ಣು ಮಸುಕಾಗುತ್ತಿತ್ತು. ಕೈಬರಹವೇ ಬೇಕೆನ್ನುವ ಹಳಬರು ಕೆಲವರು ಬರುತ್ತಿದ್ದರು. ಒಂದು ಮುಂಜಾನೆ ಎದುರಿಗೆ ಬಂದು ನಿಂತವನು ಬಂಡೆಪ್ಪ. ಕಿವಿಯ ಮೇಲಿನ ಕೂದಲು ನರೆತಿತ್ತು. ಈಗ ಸ್ವತಃ ಲಾರಿ ಓಡಿಸುತ್ತಿದ್ದ. ಮದುವೆ ಆಗಿರಲಿಲ್ಲ.

ನಾನು ಎದ್ದು ನಿಂತೆ. "ಬಂಡೆಪ್ಪ, ನನ್ನಿಂದ ತಪ್ಪಾತು" ಅಂದೆ.

"ಹೌದ್ರಿ, ತಪ್ಪಾತು" ಅಂದ. ಅಷ್ಟೇ. ಆ ಮಾತಿನಲ್ಲಿ ವಿಷವೂ ಇರಲಿಲ್ಲ, ಕ್ಷಮೆಯೂ ಇರಲಿಲ್ಲ. ನನಗೆ ಅದು ಸರಿಯೆನಿಸಿತು.

ಅವನಿಗೆ ಆ ನೋಟೀಸಿನ ನಕಲು ಬೇಕಾಗಿತ್ತು. ಕಚೇರಿಯಲ್ಲಿ ನೋಟೀಸುಗಳ ಪುಸ್ತಕವಿರುತ್ತದೆ. ಅರ್ಜಿ ಹಾಕಿ ನಕಲು ತೆಗೆಸಿಕೊಟ್ಟೆ. ಅವನು ಬೆರಳಿಟ್ಟು ನಿಧಾನವಾಗಿ ಓದಿದ. ತನ್ನ ಹೆಸರು, ಅವಳ ಹೆಸರು, ವಯಸ್ಸು, ಊರು. ಕೊನೆಗೆ ಬೆರಳು ನಿಂತಿತು. ಅವಧಿಯೊಳಗೆ ಮದುವೆ ನಡೆಯದ ಕಾರಣ ನೋಟೀಸು ರದ್ದಾಗಿದೆ ಎಂದು ಅಲ್ಲಿತ್ತು.

"ಈ ಸಾಲು ಬ್ಯಾಡ್ರಿ."

"ಅದು ಸರಕಾರಿ ನಕಲಪ್ಪ. ಅಸಲಿನ್ಯಾಗ ಇದ್ದದ್ದು ಬಿಡಾಕ ಬರಾಂಗಿಲ್ಲ."

"ಹಂಗಾದ್ರ ನೀವು ಕೈಲೆ ಬರಕೊಡ್ರಿ. ನಮ್ಮಿಬ್ರ ಹೆಸರು ಒಂದಕಡಿ ಇರೋದು ಇದೊಂದೇ ಕಾಗದದಾಗ."

"ನಾ ಬರದದ್ದು ಯಾವ ಕಚೇರ್ಯಾಗೂ ನಡಿಯಾಂಗಿಲ್ಲ."

"ನಾ ಕಚೇರಿಗಿ ಒಯ್ಯಾಕತ್ತಿಲ್ಲರಿ."

ಒಳ್ಳೆಯ ಕಾಗದ ತೆಗೆದೆ. ಮಸಿ ಹೊಸದಾಗಿ ತುಂಬಿಸಿದೆ. ಕಣ್ಣಿಗೆ ಹತ್ತಿರ ಹಿಡಿದು, ಇದ್ದಷ್ಟೂ ಚಂದದ ಅಕ್ಷರದಲ್ಲಿ ಬರೆದೆ. ಇಬ್ಬರ ಸಹಿಯ ಜಾಗದಲ್ಲಿ ಇಬ್ಬರ ಹೆಸರನ್ನೂ ಅಕ್ಕಪಕ್ಕ ಬರೆದು ಅಲ್ಲಿಗೇ ನಿಲ್ಲಿಸಿದೆ. ಅವನು ಸರಕಾರಿ ನಕಲನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು, ನಾನು ಬರೆದದ್ದನ್ನು ಮಡಚಿ ಅಂಗಿಯ ಒಳಜೇಬಿಗಿಟ್ಟುಕೊಂಡು ಹೋದ.

ಅಸಲಿನಲ್ಲಿದ್ದ ಸಾಲು ಬಿಟ್ಟು ನಕಲು ಬರೆಯಬಹುದೇ ಎಂದು ಹೊಸಬರು ಕೇಳುತ್ತೀರಿ. ಬರೆಯಬಾರದು. ನಾನು ಬರೆದೆ.